ಓದುಗರ ಪ್ರಶ್ನೆ: ಆಸ್ಟ್ರೇಲಿಯಾದ ತೋಟದಲ್ಲಿ 88 ದಿನ

ಹೊರದೇಶಕ್ಕೆ ಹೋಗಿ ಹಣ್ಣು ಬಿಡಿಸುವ ಕೆಲಸದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ತೋಟದ ಕೆಲಸ, ವೀಸಾ, ಕೂಲಿ ಕಾನೂನು ಬಲ್ಲವರು ಉತ್ತರಿಸಿದ್ದಾರೆ. ಬೇರೆ ದೇಶದ ಹೆಸರು ಹೇಳದ ಕಡೆಯೆಲ್ಲ ಡಾಲರ್ ಎಂದರೆ ಆಸ್ಟ್ರೇಲಿಯಾದ ಡಾಲರ್.

ಬಿ.ಕಾಂ. ಮುಗಿಸಿದ್ದೇನೆ, ವಯಸ್ಸು 26. ಆಸ್ಟ್ರೇಲಿಯಾದಲ್ಲಿ ಹಣ್ಣು ಕೀಳುವ ಕೆಲಸಕ್ಕೆ ವೀಸಾ ಕೊಡುತ್ತಾರಂತೆ. ನಿಜವೇ? — ಓದುಗರೊಬ್ಬರು, ಹಾಸನ

ಅರ್ಧ ನಿಜ. ಕೃಷಿ ಕೂಲಿಗೆಂದೇ ಅಲ್ಲಿ ಇರುವ ‘ಪಾಮ್’ ಯೋಜನೆ ಪೆಸಿಫಿಕ್ ದ್ವೀಪಗಳವರಿಗೆ ಮತ್ತು ಟಿಮೋರ್-ಲೆಸ್ಟೆಯವರಿಗೆ ಮೀಸಲು. ಅದರಲ್ಲಿ ನಮಗೆ ಜಾಗವಿಲ್ಲ. ನಿಮಗೆ ಒದಗುವುದು ವರ್ಕ್ ಆ್ಯಂಡ್ ಹಾಲಿಡೇ ವೀಸಾ, ಸಂಖ್ಯೆ 462. ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಯಾಯಿತು. ಅದರಲ್ಲಿ ಒಪ್ಪಿಕೊಂಡಿದ್ದ ಈ ವೀಸಾಕ್ಕೆ ಮೊದಲ ಸಲ ಹೆಸರು ನೋಂದಾಯಿಸಿಕೊಂಡದ್ದು 2024ರ ಅಕ್ಟೋಬರ್‌ನಲ್ಲಿ. ವರ್ಷಕ್ಕೆ ಇಡೀ ಭಾರತಕ್ಕೆ 1,000 ಜಾಗ. ಅದಕ್ಕೇ ಚೀಟಿ ಎತ್ತುತ್ತಾರೆ.

ಅರ್ಜಿ ಹಾಕುವ ದಿನ ವಯಸ್ಸು 18ರಿಂದ 30ರ ಒಳಗಿರಬೇಕು. 31ನೇ ಹುಟ್ಟುಹಬ್ಬ ಬಂತೆಂದರೆ ಬಾಗಿಲು ಮುಚ್ಚಿತು. ಪಿಯುಸಿ ನಂತರ ಕನಿಷ್ಠ ಎರಡು ವರ್ಷ ಓದಿರಬೇಕು. ಇಂಗ್ಲಿಷಿಗೆ ಐಇಎಲ್‌ಟಿಎಸ್‌ನಲ್ಲಿ ಸರಾಸರಿ 4.5 ಸಾಕು. ಬ್ಯಾಂಕಿನಲ್ಲಿ ಸುಮಾರು 5,000 ಡಾಲರ್ ಮತ್ತು ವಾಪಸ್ ಟಿಕೆಟ್ಟಿಗೆ ಆಗುವಷ್ಟು ಹಣ ತೋರಿಸಬೇಕು. ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ.

ನೋಂದಣಿ ಆಸ್ಟ್ರೇಲಿಯಾ ಗೃಹ ಇಲಾಖೆಯ ‘ಇಮ್ಮಿ-ಅಕೌಂಟ್’ ಎಂಬ ಆನ್‌ಲೈನ್ ಖಾತೆಯಲ್ಲಿ. ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್ ಮತ್ತು 25 ಡಾಲರ್ ಇದ್ದರೆ ಮನೆಯಲ್ಲೇ ಕೂತು ಮುಗಿಸಬಹುದು. ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಬಿಡಿಸಿ ಬರೆದಿರುತ್ತದೆ, ಪ್ಯಾನ್‌ನಲ್ಲಿ ಬರೀ ಇನಿಷಿಯಲ್. ಎರಡನ್ನೂ ಮೊದಲೇ ಒಂದು ಮಾಡಿಸಿಕೊಳ್ಳಿ, ನಮೂನೆಯಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಅಕ್ಷರ ಬಿಡದೆ ತುಂಬಿ. ಹೆಸರು ಬಂದರೆ ಮುಖ್ಯ ಅರ್ಜಿಗೆ 28 ದಿನ ಸಮಯ ಕೊಡುತ್ತಾರೆ. ಅದರ ಶುಲ್ಕ 2025ರ ಜುಲೈನಿಂದ 670 ಡಾಲರ್. ಐಇಎಲ್‌ಟಿಎಸ್ ಫಲಿತಾಂಶ, ಅಂಕಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಆಗ ಹುಡುಕತೊಡಗಿದರೆ 28 ದಿನ ಏನೇನೂ ಸಾಲದು. ಚೀಟಿಯಲ್ಲಿ ನಿಮ್ಮ ಹೆಸರು ಎತ್ತಿಸುತ್ತೇನೆ ಎನ್ನುವ ಏಜೆಂಟ್ ಸುಳ್ಳು ಹೇಳುತ್ತಿದ್ದಾನೆ. ಅದು ಯಂತ್ರ ಎತ್ತುವ ಚೀಟಿ.

ಈ ವೀಸಾದಲ್ಲಿ ಒಂದು ವರ್ಷ ಎಲ್ಲಿ ಬೇಕಾದರೂ ಸುತ್ತಬಹುದು, ದುಡಿಯಬಹುದು. ತೋಟದ ಕೆಲಸ ಕಡ್ಡಾಯವಲ್ಲ. ಎರಡನೇ ವರ್ಷವೂ ಅಲ್ಲಿರಬೇಕು ಎಂದಾದಾಗ ಅದು ಬೇಕಾಗುತ್ತದೆ. ಎರಡನೇ ವೀಸಾಕ್ಕೆ ಚೀಟಿ ಎತ್ತುವುದಿಲ್ಲ.

88 ದಿನ ಕೆಲಸ ಮಾಡಿದರೆ ಎರಡನೇ ವರ್ಷ ಸಿಗುತ್ತದೆ ಎಂದು ಗೆಳೆಯ ಹೇಳುತ್ತಾನೆ. ದಿನಕ್ಕೆ 12 ಗಂಟೆ ಮಾಡಿ ಬೇಗ ಮುಗಿಸಬಹುದೇ? — ಓದುಗರೊಬ್ಬರು, ಸಾಗರ

ಆಗುವುದಿಲ್ಲ. ಒಂದು ದಿನ ಎಷ್ಟು ಗಂಟೆ ದುಡಿದರೂ ಲೆಕ್ಕಕ್ಕೆ ಒಂದೇ ದಿನ. ಆ ಕಸುಬಿನಲ್ಲಿ ಪೂರ್ಣ ದಿನ ಎನ್ನುವಷ್ಟು, ಸಾಮಾನ್ಯವಾಗಿ 7-8 ಗಂಟೆ, ಮಾಡಿರಬೇಕು. ಎರಡು ಗಂಟೆ ಕಿತ್ತು ಮಳೆ ಬಂತೆಂದು ಮನೆಗೆ ಕಳಿಸಿದ ದಿನವನ್ನು ಪೂರ್ಣ ದಿನವೆಂದು ಬರೆದುಕೊಳ್ಳಬೇಡಿ.

ವಾರಕ್ಕೆ 35ರಿಂದ 40 ಗಂಟೆಯಂತೆ ಐದು ದಿನ ಬಿಡದೆ ದುಡಿದರೆ ಶನಿವಾರ ಭಾನುವಾರವೂ ಸೇರಿ ಏಳು ದಿನ ಸಿಗುತ್ತವೆ. ಹಾಗೆ ನಡೆದರೆ 13 ವಾರಕ್ಕೆ 88 ದಾಟುತ್ತದೆ. ಆದರೆ ಕೊಯ್ಲಿನ ಕೆಲಸ ಹಾಗೆ ನಡೆಯುವುದು ಅಪರೂಪ. ವಾರಕ್ಕೆ ಮೂರು ದಿನ ಕರೆದರೆ ಮೂರೇ ದಿನ. ಕ್ಯಾಶುವಲ್, ಅಂದರೆ ಕರೆದಾಗ ಮಾತ್ರ ಬಂದು ಮಾಡುವ, ಕೆಲಸದವರಿಗೆ ಸಂಬಳದ ರಜೆ ಇಲ್ಲ, ಹಾಗಾಗಿ ಜ್ವರ ಬಂದು ಮಲಗಿದ ದಿನವೂ ಹೋಯಿತು. 88 ದಿನಕ್ಕೆ ಐದು ತಿಂಗಳು ಇಟ್ಟುಕೊಂಡು ಯೋಜನೆ ಹಾಕಿ. ವೀಸಾದ ಕೊನೆಯ ಮೂರು ತಿಂಗಳಲ್ಲಿ ತೋಟ ಹುಡುಕಲು ಹೊರಟವರು ಒಂದು ವಾರದ ಮಳೆಗೆ, ಒಂದು ಆಲಿಕಲ್ಲಿನ ಹೊಡೆತಕ್ಕೆ ಎರಡನೇ ವರ್ಷ ಕಳೆದುಕೊಳ್ಳುತ್ತಾರೆ.

ಇನ್ನೊಂದು ಗುಂಡಿ ಊರಿನದು. ಯಾವ ಪೋಸ್ಟ್‌ಕೋಡ್‌ನಲ್ಲಿ ಮಾಡಿದ ಯಾವ ಕೆಲಸ ಲೆಕ್ಕಕ್ಕೆ ಬರುತ್ತದೆ ಎಂಬ ಪಟ್ಟಿ ಇಲಾಖೆಯ ತಾಣದಲ್ಲಿದೆ. ಫ್ರಾನ್ಸಿನಂಥ ದೇಶಗಳವರಿಗೆ ಕೊಡುವ 417 ವೀಸಾದ ಪಟ್ಟಿ ಬೇರೆ, ನಿಮ್ಮ 462ರ ಪಟ್ಟಿ ಬೇರೆ. ಹಾಸ್ಟೆಲಿನಲ್ಲಿ ಜೊತೆಗಿರುವ ಫ್ರಾನ್ಸಿನವನಿಗೆ ಲೆಕ್ಕಕ್ಕೆ ಬಂದದ್ದು ನಿಮಗೂ ಬರುತ್ತದೆಂದು ನಂಬಬೇಡಿ. ಊಟ, ವಸತಿಗೆ ಬದಲಾಗಿ ಸಂಬಳವಿಲ್ಲದೆ ಮಾಡಿದ ಕೆಲಸವಂತೂ ಲೆಕ್ಕಕ್ಕೇ ಇಲ್ಲ.

ಪುರಾವೆ ಎಂದರೆ ಪೇಸ್ಲಿಪ್, ಅದಕ್ಕೆ ತಾಳೆಯಾಗುವ ಬ್ಯಾಂಕ್ ಜಮೆ, ಮಾಲೀಕರ ವ್ಯಾಪಾರ ಸಂಖ್ಯೆ (ಎಬಿಎನ್). ವಾರವಾರ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಇಬ್ಬರು ಗೆಳೆಯರು ಸೇರಿ ಒಂದೇ ಲೆಕ್ಕದ ಕಾರ್ಡಿನಲ್ಲಿ ಬಿನ್, ಅಂದರೆ ಹಣ್ಣಿನ ದೊಡ್ಡ ಪೆಟ್ಟಿಗೆ, ತುಂಬಿಸುವುದುಂಟು. ದುಡ್ಡು ಆಮೇಲೆ ಹಂಚಿಕೊಳ್ಳಬಹುದು, ಆದರೆ ಪೇಸ್ಲಿಪ್ ಒಬ್ಬನ ಹೆಸರಿಗೇ ಬರುತ್ತದೆ, ಇನ್ನೊಬ್ಬನ ದಿನಗಳು ಮಾಯ. ದುಡ್ಡು ಕೊಟ್ಟು ಕೊಂಡ ಸುಳ್ಳು ಪೇಸ್ಲಿಪ್ ಸಿಕ್ಕಿಬಿದ್ದರೆ ಎರಡನೇ ವೀಸಾ ಸಿಗದಿರುವುದು ಒತ್ತಟ್ಟಿಗಿರಲಿ, ಮುಂದಿನ ಅರ್ಜಿಗಳ ಮೇಲೂ ಆ ಕಪ್ಪು ಚುಕ್ಕೆ ಉಳಿಯುತ್ತದೆ.

ಸ್ಟ್ರಾಬೆರಿ ತೋಟದಲ್ಲಿ ಟ್ರೇ ಲೆಕ್ಕದಲ್ಲಿ ಕೂಲಿಯಂತೆ. ನಿಧಾನ ಮಾಡುವವನಿಗೆ ಊಟಕ್ಕೂ ಗಿಟ್ಟುವುದಿಲ್ಲ ಎನ್ನುತ್ತಾರೆ. ಕಾನೂನು ಏನು ಹೇಳುತ್ತದೆ? — ಓದುಗರೊಬ್ಬರು, ಮೂಡಿಗೆರೆ

ನಿಮ್ಮ ಊರಿನ ಕಾಫಿ ಕೊಯ್ಲಿನಲ್ಲಿ ಕೆ.ಜಿ. ಲೆಕ್ಕ ಇರುವ ಹಾಗೆಯೇ ಇದು. 2022ರ ಏಪ್ರಿಲ್ 28ರವರೆಗೆ ನೀವು ಕೇಳಿದ ಮಾತು ನಿಜವೇ ಆಗಿತ್ತು. ಅಂದಿನಿಂದ ತೋಟಗಾರಿಕೆಯ ಕೂಲಿ ನಿಯಮದಲ್ಲಿ ಎರಡು ಬದಲಾವಣೆ ಬಂದಿವೆ. ಒಂದು, ಎಷ್ಟೇ ಕಡಿಮೆ ಕಿತ್ತರೂ ಆ ದಿನ ದುಡಿದ ಗಂಟೆಗಳಿಗೆ ಕನಿಷ್ಠ ಗಂಟೆಗೂಲಿ ಸಿಗಲೇಬೇಕು. ಎರಡು, ಟ್ರೇಗೆ ಕಟ್ಟುವ ದರ ಹೇಗಿರಬೇಕೆಂದರೆ, ಕೈ ಪಳಗಿದ ಸಾಧಾರಣ ಕೆಲಸಗಾರ ಗಂಟೆಗೂಲಿಗಿಂತ ಶೇ. 15 ಹೆಚ್ಚು ಗಳಿಸುವಂತಿರಬೇಕು. ಕೈ ಪಳಗಿದವನೆಂದರೆ ಆ ಕೆಲಸದಲ್ಲಿ ಕನಿಷ್ಠ 76 ಗಂಟೆ ಅನುಭವ ಇರುವವನು.

ಲೆಕ್ಕ ಹಾಕಿ ನೋಡೋಣ. 2025ರ ಜುಲೈ 1ರಿಂದ ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24.95 ಡಾಲರ್. ಸಂಬಳದ ರಜೆ ಇಲ್ಲದ ಕ್ಯಾಶುವಲ್ ಕೆಲಸ ಆದ್ದರಿಂದ ಹೆಚ್ಚುವರಿ ಶೇ. 25 ಸೇರಿ 31.19. ಅದರ ಮೇಲೆ ಶೇ. 15 ಎಂದರೆ 35.87. ಪಳಗಿದವರು ಗಂಟೆಗೆ 8 ಟ್ರೇ ತುಂಬುವ ತೋಟದಲ್ಲಿ ಟ್ರೇಗೆ 4.48 ಡಾಲರಿಗಿಂತ ಕಡಿಮೆ ಇಡುವಂತಿಲ್ಲ. ಹೊಸಬರಾದ ನೀವು 5 ಟ್ರೇ ತುಂಬಿದಿರಿ ಎನ್ನಿ. ಟ್ರೇ ಲೆಕ್ಕದಲ್ಲಿ 22.40 ಆಯಿತು, ಮಾಲೀಕರು ಉಳಿದದ್ದನ್ನು ಸೇರಿಸಿ 31.19 ಮಾಡಬೇಕು. ಈ ಅಂಕಿ ಪ್ರತಿ ಜುಲೈ 1ಕ್ಕೆ ಬದಲಾಗುತ್ತದೆ, ಹೊಸಬರ ಮೊದಲ ದಿನಗಳ ದರ ಸ್ವಲ್ಪ ಕಡಿಮೆ ಇರುವುದೂ ಉಂಟು. ಆಯಾ ದಿನದ ದರವನ್ನು ಅಲ್ಲಿ ಕೂಲಿ ಕಾನೂನಿನ ಪಾಲನೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಫೇರ್ ವರ್ಕ್ ಒಂಬುಡ್ಸ್‌ಮನ್ ತಾಣದ ಕೂಲಿ ಕ್ಯಾಲ್ಕುಲೇಟರಿನಲ್ಲಿ ನೋಡಿಕೊಳ್ಳಿ.

ನಿಯಮ ಬಂದ ಮೇಲೆ ಮೋಸದ ದಾರಿಯೂ ಬದಲಾಗಿದೆ. ದರವನ್ನು ಕದಿಯುವುದು ಕಷ್ಟವಾದ್ದರಿಂದ ಗಂಟೆಯನ್ನು ಕದಿಯುತ್ತಾರೆ. ಎಂಟು ಗಂಟೆ ಬಗ್ಗಿ ಕಿತ್ತವನ ಪೇಸ್ಲಿಪ್‌ನಲ್ಲಿ ಐದು ಗಂಟೆ ಎಂದು ಬರೆದರೆ ಎಲ್ಲವೂ ಕಾನೂನಿನಂತೆಯೇ ಕಾಣುತ್ತದೆ. ಟ್ರೇ ಲೆಕ್ಕದ ಕೆಲಸದಲ್ಲೂ ಗಂಟೆ ಬರೆದಿಡುವುದು ಮಾಲೀಕರಿಗೆ ಕಡ್ಡಾಯ, ದರವನ್ನು ಬರವಣಿಗೆಯಲ್ಲಿ ಕೊಡುವುದೂ ಕಡ್ಡಾಯ. ನೀವೂ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ದಿನಾಂಕ, ಸಾಲಿಗೆ ಇಳಿದ ಹೊತ್ತು, ಇಬ್ಬನಿ ಆರಲೆಂದು ಕಾಯಿಸಿದ ಹೊತ್ತು, ಬಿಟ್ಟ ಹೊತ್ತು, ಟ್ರೇ ಎಷ್ಟು, ತಿರಸ್ಕರಿಸಿದ್ದು ಎಷ್ಟು ಎಂದು ಬರೆಯಿರಿ. ತಕರಾರು ಬಂದಾಗ ಈ ನೋಟ್‌ಬುಕ್ಕಿಗೆ ಬೆಲೆ ಇದೆ. ಒಂಬುಡ್ಸ್‌ಮನ್ ಫೋನ್ 13 13 94.

ಟ್ರೇ ತಿರಸ್ಕಾರವಾಗುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಹಣ್ಣಿನ ಭುಜ ಬಿಳಿ ಉಳಿದಿರುವುದು, ಹಸಿರು ತೊಟ್ಟು ಕಿತ್ತುಹೋಗಿರುವುದು, ಬೆರಳಿನ ಗುರುತು ಬಿದ್ದಿರುವುದು. ಸ್ಟ್ರಾಬೆರಿಯನ್ನು ಹಣ್ಣು ಹಿಡಿದು ಎಳೆಯುವುದಲ್ಲ. ದಂಟನ್ನು ಉಗುರು ಮತ್ತು ಬೆರಳಿನ ನಡುವೆ ಹಿಡಿದು ಮುರಿಯಬೇಕು. ಅಂಗೈಯಲ್ಲಿ ಎರಡು ಮೂರಕ್ಕಿಂತ ಹೆಚ್ಚು ಕೂಡಿಹಾಕಬೇಡಿ.

ಯಾವ ಬೆಳೆ, ಯಾವ ತಿಂಗಳು, ಯಾವ ಊರು? ಹೊಸಬರಿಗೆ ಯಾವುದು ವಾಸಿ? — ಓದುಗರೊಬ್ಬರು, ಶ್ರೀನಿವಾಸಪುರ

ಅಲ್ಲಿ ಡಿಸೆಂಬರ್ ಎಂದರೆ ಬೇಸಿಗೆ ಎಂಬುದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ. ಕೊಯ್ಲು ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. ಮೇ ತಿಂಗಳಿನಿಂದ ನವೆಂಬರ್‌ವರೆಗೆ ಕ್ವೀನ್ಸ್‌ಲ್ಯಾಂಡಿನ ಬೋವೆನ್‌ನಲ್ಲಿ ಟೊಮೆಟೊ, ದೊಣ್ಣೆ ಮೆಣಸಿನಕಾಯಿ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಡಾರ್ವಿನ್, ಕ್ಯಾಥರಿನ್ ಸುತ್ತ ಮಾವು. ಡಿಸೆಂಬರ್, ಜನವರಿ ಟಾಸ್ಮೇನಿಯಾದ ಚೆರ್ರಿ. ಜನವರಿಯಿಂದ ಮಾರ್ಚ್ ಶೆಪರ್ಟನ್‌ನ ಪೇರ್ ಹಣ್ಣು, ಅದರ ಬೆನ್ನಿಗೇ ಮಿಲ್ಡುರಾದ ದ್ರಾಕ್ಷಿ. ಮಾರ್ಚ್‌ನಿಂದ ಮೇ ಟಾಸ್ಮೇನಿಯಾದ ಸೇಬು. ಟಲಿ, ಇನ್ನಿಸ್‌ಫೇಲ್‌ಗಳಲ್ಲಿ ಬಾಳೆ ವರ್ಷವಿಡೀ.

ನಿಮ್ಮೂರು ಮಾವಿನ ಊರಾದ್ದರಿಂದ ಮಾವಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇವೆ. ಅಲ್ಲಿ ಬಹಳ ಕಾಲದಿಂದ ಹೆಚ್ಚು ಬೆಳೆಯುತ್ತಿರುವ ತಳಿ ಕೆನ್ಸಿಂಗ್ಟನ್ ಪ್ರೈಡ್. ಸಿಪ್ಪೆ ಬಲು ಸೂಕ್ಷ್ಮ, ತೊಟ್ಟು ಮುರಿದಾಗ ಚಿಮ್ಮುವ ಸೊನೆ ತಾಗಿದ ಕಡೆ ಕಪ್ಪು ಕಲೆ ಬಿದ್ದು ಹಣ್ಣು ಎರಡನೇ ದರ್ಜೆಗೆ ಇಳಿಯುತ್ತದೆ. ಆದ್ದರಿಂದ ಒಂದೋ ಉದ್ದ ತೊಟ್ಟು ಬಿಟ್ಟು ಕತ್ತರಿಸಿ ಆಮೇಲೆ ತೊಟ್ಟು ತೆಗೆಯುತ್ತಾರೆ, ಇಲ್ಲವೇ ಸೋಪುನೀರು ಸುರಿಯುತ್ತಿರುವ ಟಾರ್ಪಾಲಿನ ಗಾಡಿಯ ಮೇಲೆ ಬೀಳುವಂತೆ ಕೀಳುತ್ತಾರೆ. ಹಣ್ಣಿಗೆ ಆಗುವುದು ಮನುಷ್ಯರ ಚರ್ಮಕ್ಕೂ ಆಗುತ್ತದೆ. ಮಾವು, ಗೇರು, ಚೇರು ಒಂದೇ ಕುಟುಂಬದ ಮರಗಳು. ಚೇರೆಣ್ಣೆ ತಾಗಿ ಬೊಬ್ಬೆ ಎದ್ದವರಿಗೆ ಮಾವಿನ ಸೊನೆ ಏನು ಮಾಡೀತೆಂದು ಹೇಳಬೇಕಾಗಿಲ್ಲ. ‘ನಾವು ಮಾವು ತಿಂದೇ ಬೆಳೆದವರು’ ಎಂಬ ಧೈರ್ಯ ಬೇಡ. ದಿನಕ್ಕೆ ಒಂದು ಹಣ್ಣು ತಿನ್ನುವುದು ಬೇರೆ, ಎಂಟು ಗಂಟೆ ಸೊನೆಯಲ್ಲಿ ನೆನೆಯುವುದು ಬೇರೆ. ಮೊದಲ ಮೂರು ನಾಲ್ಕು ದಿನ ಏನೂ ಆಗದೆ ವಾರ ಕಳೆದ ಮೇಲೆ ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಒಳಭಾಗ ಕೆಂಪಾಗಿ ಊದುವುದುಂಟು. ಉದ್ದ ತೋಳಿನ ಅಂಗಿ, ಕೈಗವಸು, ಮುಖಕ್ಕೂ ಕುತ್ತಿಗೆಗೂ ತಡೆ-ಕ್ರೀಮ್ ಬೇಕು. ಬೆವರು ಒರೆಸಲು ಸೊನೆ ಹತ್ತಿದ ತೋಳನ್ನು ಮುಖಕ್ಕೆ ತರಬೇಡಿ, ಕಣ್ಣು ಊದುವುದು ಬಹುಪಾಲು ಹೀಗೆಯೇ. ದಿನದ ಬಟ್ಟೆ ದಿನವೇ ಬೇರೆಯಾಗಿ ಒಗೆಯಿರಿ. ಬೊಬ್ಬೆ ಮುಖಕ್ಕೆ ಏರಿದರೆ ವೈದ್ಯರ ಬಳಿ ಹೋಗಲು ತಡಮಾಡಬೇಡಿ.

ಬಾಳೆ ತೋಟ ತೋಳ್ಬಲದವರಿಗೆ. ಒಬ್ಬ ದಿಂಡಿಗೆ ಕಚ್ಚು ಹಾಕಿ ಗಿಡ ಬಾಗಿಸುತ್ತಾನೆ, ಇನ್ನೊಬ್ಬ ಕೆಳಗೆ ನಿಂತು ಗೊನೆಯನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. 40 ಕೆ.ಜಿ. ದಾಟುವ ಗೊನೆಗಳು ಸಾಮಾನ್ಯ. ಗೊನೆ ಹೆಗಲಿಗೆ ಕೂತ ಮೇಲೆ ಕತ್ತರಿಸಬೇಕೇ ಹೊರತು ಬೀಳುತ್ತಿರುವುದನ್ನು ಹಿಡಿಯಬಾರದು. ಸೊಂಟ ಹೋಗುವುದು ಅಲ್ಲೇ. 2015ರಲ್ಲಿ ಟಲಿ ಪ್ರದೇಶದಲ್ಲಿ ಪನಾಮಾ ಸೊರಗು ರೋಗದ ಟಿಆರ್4 ಬಗೆ ಕಾಣಿಸಿಕೊಂಡಿತು. ಇದು ಮಣ್ಣಿನಲ್ಲಿ ಹರಡುವ ರೋಗ. ಅದಕ್ಕೇ ಗೇಟಿನಲ್ಲಿ ಬೂಟು ಉಜ್ಜಿ ತೊಳೆದು ಔಷಧಿ ನೀರಿನಲ್ಲಿ ಅದ್ದಿಸುತ್ತಾರೆ. ಅದನ್ನು ತಪ್ಪಿಸಿಕೊಂಡವರನ್ನು ಅಂದೇ ಮನೆಗೆ ಕಳಿಸಿದರೆ ತೋಟದವರನ್ನು ದೂರುವಂತಿಲ್ಲ.

ಸೇಬು, ಪೇರ್ ನಡುವಿನ ದಾರಿ. ಎದೆಗೆ ಚೀಲ, ಮೂರು ಕಾಲಿನ ಏಣಿ. ಹಣ್ಣನ್ನು ಎಳೆಯದೆ ಮೇಲಕ್ಕೆ ಎತ್ತಿ ತಿರುಗಿಸಿದರೆ ತೊಟ್ಟು ಸಮೇತ ಬಿಡುತ್ತದೆ. ಎಳೆದರೆ ಮುಂದಿನ ವರ್ಷದ ಮೊಗ್ಗೂ ಕಿತ್ತುಬರುತ್ತದೆ. ಸೇಬಿನ ಬಿನ್ ಎಂದರೆ 350ರಿಂದ 400 ಕೆ.ಜಿ. ಚೀಲವನ್ನು ಬಿನ್ನಿನ ಒಳಕ್ಕೆ ಇಳಿಸಿ ತಳ ಬಿಚ್ಚಬೇಕು. ಮೇಲಿನಿಂದ ಸುರಿದರೆ ಹಣ್ಣು ಜಜ್ಜಿಹೋಗಿ ಇಡೀ ಬಿನ್ನಿನ ದರಕ್ಕೇ ಕುತ್ತು. ಹೊಸಬರು ಇದರಿಂದಲೋ ಪ್ಯಾಕಿಂಗ್ ಶೆಡ್ಡಿನಿಂದಲೋ ಶುರುಮಾಡುವುದು ವಾಸಿ.

ನಾನು ಒಬ್ಬಳೇ ಹೋಗುವವಳು. ಹಾಸ್ಟೆಲಿನವರೇ ಕೆಲಸವನ್ನೂ ಕೊಡಿಸುತ್ತಾರಂತೆ, ನಂಬಬಹುದೇ? — ಓದುಗರೊಬ್ಬರು, ಉಡುಪಿ

ಅಲ್ಲಿ ಅವನ್ನು ವರ್ಕಿಂಗ್ ಹಾಸ್ಟೆಲ್ ಎನ್ನುತ್ತಾರೆ. ಎಲ್ಲವೂ ಕೆಟ್ಟದ್ದಲ್ಲ, ಆದರೆ ಹಾಸಿಗೆ ತುಂಬಿದರೆ ಹಾಸ್ಟೆಲಿನವರಿಗೆ ಲಾಭ, ನಿಮಗೆ ಕೆಲಸ ಸಿಕ್ಕಿದರೂ ಸಿಗದಿದ್ದರೂ ಬಾಡಿಗೆ ಬರುತ್ತದೆ ಎಂಬುದು ನೆನಪಿರಲಿ. ‘ಕೆಲಸ ಮುಂದಿನ ವಾರ’ ಎನ್ನುತ್ತ ತಿಂಗಳು ಕೂರಿಸಿ, ಕೊಟ್ಟ ಮುಂಗಡವನ್ನು ಬಾಡಿಗೆಗೆ ವಜಾ ಮಾಡುವುದು ಹಳೆಯ ಆಟ. ಮೊದಲೇ ಮೂರು ಪ್ರಶ್ನೆ ಕೇಳಿ: ಸಂಬಳ ಕೊಡುವ ತೋಟ ಯಾವುದು, ಈಗ ಎಷ್ಟು ಜನ ಕೆಲಸದಲ್ಲಿದ್ದಾರೆ, ಕೆಲಸವಿಲ್ಲದೆ ಬಿಟ್ಟುಹೋದರೆ ಮುಂಗಡ ಎಷ್ಟು ದಿನದಲ್ಲಿ ವಾಪಸ್? ಉತ್ತರ ಮೆಸೇಜಿನಲ್ಲಿ ಬರಲಿ. ಒಂದು ವಾರಕ್ಕಿಂತ ಹೆಚ್ಚಿಗೆ ಮುಂಗಡ ಕೊಡದಿರುವುದು ಕ್ಷೇಮ.

ನಡುವೆ ಮೇಸ್ತ್ರಿ, ಅಂದರೆ ಲೇಬರ್ ಹೈರ್ ಕಂಟ್ರಾಕ್ಟರ್, ಇದ್ದರೆ ಕ್ವೀನ್ಸ್‌ಲ್ಯಾಂಡ್ ಮತ್ತು ವಿಕ್ಟೋರಿಯಾಗಳಲ್ಲಿ ಅವನಿಗೆ ಪರವಾನಗಿ ಇರಲೇಬೇಕು. ಆಯಾ ರಾಜ್ಯದ ಪಟ್ಟಿಯಲ್ಲಿ ಹೆಸರು ಹಾಕಿ ಎರಡು ನಿಮಿಷದಲ್ಲಿ ನೋಡಬಹುದು. ಪಾಸ್‌ಪೋರ್ಟನ್ನು ‘ಜೋಪಾನವಾಗಿ ಇಟ್ಟಿರುತ್ತೇನೆ’ ಎಂದು ಯಾರು ಕೇಳಿದರೂ ಕೊಡಬೇಡಿ. ‘ದೂರು ಕೊಟ್ಟರೆ ವೀಸಾ ರದ್ದು ಮಾಡಿಸುತ್ತೇನೆ’ ಎಂಬುದು ಬರೀ ಬೆದರಿಕೆ. ವೀಸಾ ರದ್ದು ಮಾಡುವ ಅಧಿಕಾರ ಇಲಾಖೆಗಿದೆ, ಮಾಲೀಕನಿಗಿಲ್ಲ. ದೂರದ ತೋಟದಲ್ಲಿ ಮೊಬೈಲ್ ಸಿಗ್ನಲ್ ಇದೆಯೇ, ಪೇಟೆಗೆ ಹೋಗಲು ವಾಹನ ಯಾರದು ಎಂಬುದನ್ನೂ ಕೇಳಿಕೊಳ್ಳಿ. ಇಲ್ಲಿನ ಆರ್‌ಟಿಒದಲ್ಲಿ 1,000 ರೂಪಾಯಿಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋದರೆ ಬೇರೆಯವರ ಕಾರಿನ ಹಂಗು ಕಡಿಮೆ. ಅಲ್ಲೂ ರಸ್ತೆಯ ಎಡಬದಿಯಲ್ಲೇ ಓಡಿಸುವುದು.

ತೆರಿಗೆ ಎಷ್ಟು ಹಿಡಿಯುತ್ತಾರೆ? ಗಾಯವಾದರೆ ಖರ್ಚು ಯಾರದು? — ಓದುಗರೊಬ್ಬರು, ಬೆಂಗಳೂರು

ಇಳಿದ ವಾರವೇ ತೆರಿಗೆ ಇಲಾಖೆಯ ತಾಣದಲ್ಲಿ ಟಿಎಫ್‌ಎನ್ ಎಂಬ ತೆರಿಗೆ ಸಂಖ್ಯೆಗೆ ಅರ್ಜಿ ಹಾಕಿ, ಅದು ಪುಕ್ಕಟೆ. 45,000 ಡಾಲರ್‌ವರೆಗಿನ ಸಂಪಾದನೆಗೆ ಮೊದಲ ಡಾಲರಿನಿಂದಲೇ ಶೇ. 15 ತೆರಿಗೆ. ಸಂಖ್ಯೆ ಕೊಡದಿದ್ದರೆ ಶೇ. 45 ಹಿಡಿಯುತ್ತಾರೆ. ವಾರಕ್ಕೆ 38 ಗಂಟೆ, ಗಂಟೆಗೆ 31.19ರಂತೆ 1,185 ಡಾಲರ್ ಆದರೆ ಕೈಗೆ ಸುಮಾರು 1,007. ಇದರ ಹೊರಗೆ ಮಾಲೀಕರು ಶೇ. 12ನ್ನು ನಿಮ್ಮ ಹೆಸರಿನ ಸೂಪರ್ ನಿಧಿಗೆ ಕಟ್ಟಬೇಕು. ನಮ್ಮ ಪಿಎಫ್ ಇದ್ದಂತೆ. ದೇಶ ಬಿಟ್ಟು ವೀಸಾ ಮುಗಿದ ಮೇಲೆ ಅದನ್ನು ಕೇಳಿ ಪಡೆಯಬಹುದು, ಆದರೆ ನಿಮ್ಮ ಬಗೆಯ ವೀಸಾದವರಿಗೆ ಅದರಲ್ಲಿ ಶೇ. 65 ತೆರಿಗೆಗೇ ಹೋಗುತ್ತದೆ. ಇದನ್ನು ಅನ್ಯಾಯ ಎನ್ನುವವರ ಜೊತೆ ವಾದಿಸುವುದು ಕಷ್ಟ. ಉಳಿದ ಶೇ. 35ನ್ನಾದರೂ ಬಿಡಬೇಡಿ.

‘ಎಬಿಎನ್ ಮಾಡಿಸಿಕೊಂಡು ಬಾ’ ಎನ್ನುವ ಮೇಸ್ತ್ರಿಯಿಂದ ದೂರವಿರಿ. ಎಬಿಎನ್ ಎಂದರೆ ನೀವು ಕೂಲಿಯವರಲ್ಲ, ಸ್ವಂತ ವ್ಯಾಪಾರಸ್ಥರು ಎಂದಂತೆ. ಸೂಪರ್ ಇಲ್ಲ, ಕನಿಷ್ಠ ಕೂಲಿಯ ಮಾತಿಲ್ಲ, ತೆರಿಗೆಯ ತಲೆನೋವು ನಿಮ್ಮದು.

ಕೂಲಿಯವರಾಗಿ ದುಡಿಯುವಾಗ ಗಾಯವಾದರೆ ಮಾಲೀಕರು ಕಡ್ಡಾಯವಾಗಿ ಮಾಡಿಸಿರಬೇಕಾದ ಕೆಲಸಗಾರರ ಪರಿಹಾರ ವಿಮೆ ನಿಮ್ಮ ನೆರವಿಗೆ ಬರುತ್ತದೆ, ಕ್ಯಾಶುವಲ್ ಆದರೂ ಸರಿ. ಅಂದೇ ಬರವಣಿಗೆಯಲ್ಲಿ ತಿಳಿಸಿ, ವೈದ್ಯರಿಗೆ ‘ಕೆಲಸದಲ್ಲಿ ಆದ ಗಾಯ’ ಎಂದೇ ಹೇಳಿ. ಉಳಿದ ಕಾಯಿಲೆಗೆ ಅಲ್ಲಿನ ಸರ್ಕಾರಿ ಮೆಡಿಕೇರ್ ಭಾರತೀಯರಿಗೆ ಇಲ್ಲ. ಖಾಸಗಿ ವಿಮೆ ಕೊಳ್ಳುವಾಗ ಮೈಮುರಿದು ದುಡಿಯುವ ಕೆಲಸವನ್ನು ಹೊರಗಿಟ್ಟಿದ್ದಾರೆಯೇ ಎಂದು ಸಣ್ಣ ಅಕ್ಷರದಲ್ಲಿ ಓದಿ. ಪ್ರವಾಸಿ ವಿಮೆಗಳಲ್ಲಿ ಹೊರಗಿಡುವುದು ಮಾಮೂಲಿ.

ಏಜೆಂಟ್ ಒಬ್ಬರು ಇಂಗ್ಲೆಂಡಿನಲ್ಲಿ ಸ್ಟ್ರಾಬೆರಿ ಕೀಳಲು ಎರಡು ವರ್ಷದ ವೀಸಾ, ಹೆಂಡತಿಯನ್ನೂ ಕರೆದೊಯ್ಯಬಹುದು ಎಂದು 6 ಲಕ್ಷ ಕೇಳುತ್ತಿದ್ದಾರೆ. — ಓದುಗರೊಬ್ಬರು, ರಾಣೆಬೆನ್ನೂರು

ಕೊಡಬೇಡಿ. ಬ್ರಿಟನ್ನಿನ ಸೀಸನಲ್ ವರ್ಕರ್ ವೀಸಾ ತೋಟಗಾರಿಕೆಗೆ ಹೆಚ್ಚೆಂದರೆ 6 ತಿಂಗಳದು. ಕುಟುಂಬಕ್ಕೆ ಅವಕಾಶವಿಲ್ಲ, ಅಲ್ಲೇ ಮುಂದುವರಿಸಲು ಆಗದು. ವೀಸಾ ಶುಲ್ಕ 2025ರ ಏಪ್ರಿಲ್‌ನಿಂದ 319 ಪೌಂಡ್. ಪ್ರಾಯೋಜಕ ಪತ್ರ ಕೊಡಬಲ್ಲವರು ಅಲ್ಲಿನ ಸರ್ಕಾರ ಒಪ್ಪಿದ ಬೆರಳೆಣಿಕೆಯ ಸಂಸ್ಥೆಗಳು, ಪಟ್ಟಿ ಸರ್ಕಾರದ ತಾಣದಲ್ಲಿದೆ. ಅವು ಈಚೆಗೆ ಹೆಚ್ಚಾಗಿ ಜನರನ್ನು ತರುತ್ತಿರುವುದು ಕಿರ್ಗಿಸ್ತಾನ, ತಜಿಕಿಸ್ತಾನಗಳಂಥ ಮಧ್ಯ ಏಷ್ಯಾದ ದೇಶಗಳಿಂದ. ಕೆಲಸ ಹುಡುಕಿಕೊಟ್ಟದ್ದಕ್ಕೆ ಕೂಲಿಯವರಿಂದ ಹಣ ಪಡೆಯುವುದು ಅಲ್ಲಿ ಅಪರಾಧ. 2004ರಲ್ಲಿ ಮೋರ್‌ಕಮ್ ಕೊಲ್ಲಿಯಲ್ಲಿ ಮರುವಾಯಿಯಂಥ ಚಿಪ್ಪು ಹೆಕ್ಕುತ್ತಿದ್ದ ಕನಿಷ್ಠ 21 ಚೀನೀ ಕೂಲಿಗಳು ಉಬ್ಬರಕ್ಕೆ ಸಿಕ್ಕಿ ಸತ್ತರು. ಅದೇ ವರ್ಷ ಮೇಸ್ತ್ರಿಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾನೂನು ಬಂತು.

ನಮ್ಮಲ್ಲೂ 1983ರ ವಲಸೆ ಕಾಯ್ದೆಯಂತೆ ಹೊರದೇಶದ ಕೆಲಸಕ್ಕೆ ಜನ ಕಳಿಸುವವರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು, ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರಬಾರದು. ನೋಂದಣಿ ಸಂಖ್ಯೆ ಕೇಳಿ ಇ-ಮೈಗ್ರೇಟ್ ತಾಣದಲ್ಲಿ ತಾಳೆ ನೋಡಿ. ಸಂಖ್ಯೆ ಕೇಳಿದ ಕೂಡಲೇ ಏಜೆಂಟರ ದನಿ ಬದಲಾದರೆ ನಿಮಗೆ ಉತ್ತರ ಸಿಕ್ಕಂತೆ.

ವಯಸ್ಸು 36, ಪಿಯುಸಿ ಮಾತ್ರ. 15 ವರ್ಷದಿಂದ ದ್ರಾಕ್ಷಿ ಬಳ್ಳಿಯ ಚಾಟನಿ (ಸವರಿಕೆ) ಮಾಡಿದ ಕೈ. ನಮಗೆ ದಾರಿ ಇಲ್ಲವೇ? — ಓದುಗರೊಬ್ಬರು, ವಿಜಯಪುರ

ಆಸ್ಟ್ರೇಲಿಯಾದ ಈ ವೀಸಾ ನಿಮಗೆ ಸಿಗದು. ಓದಿದವರಿಗೆ ಬಿಟ್ಟು, ಕೆಲಸ ಬಲ್ಲವರಿಗೆ ಬಾಗಿಲು ಹಾಕಿದ ವಿಚಿತ್ರ ನಿಯಮ ಅದು. ಓದಿನ ಷರತ್ತಿಲ್ಲದೆ ಭಾರತೀಯರನ್ನು ಕೃಷಿಗೆ ಕರೆಸಿಕೊಳ್ಳುವ ದೇಶ ಇಟಲಿ. ಅಲ್ಲಿನ ಹಂಗಾಮಿ ಕೆಲಸದ ವೀಸಾ 9 ತಿಂಗಳವರೆಗೆ. ಅರ್ಜಿ ಹಾಕುವವರು ನೀವಲ್ಲ, ಅಲ್ಲಿನ ತೋಟದ ಮಾಲೀಕರು. ಅವರಿಗೆ ‘ನುಲ್ಲಾ ಓಸ್ತಾ’ ಎಂಬ ಒಪ್ಪಿಗೆ ಪತ್ರ ಸಿಕ್ಕ ಮೇಲೆ ನಿಮಗೆ ವೀಸಾ. ಇಳಿದ 8 ದಿನದೊಳಗೆ ಅಲ್ಲಿನ ವಲಸೆ ಕಚೇರಿಗೆ ವರದಿ ಮಾಡಿಕೊಂಡು, ಮಾಲೀಕರೊಂದಿಗೆ ಕರಾರು ಮುಗಿಸಿ, ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅನರ್ಥ ಆಗುವುದು ಈ ಘಟ್ಟದಲ್ಲಿಯೇ: ಪತ್ರ ಕೊಡಿಸಿದ ಮಾಲೀಕ ನಾಪತ್ತೆ, ಕರಾರಿಲ್ಲ, ಸಾಲ ಮಾಡಿ ಬಂದವನು ಕಾಗದವಿಲ್ಲದ ಕೂಲಿಯಾಗುತ್ತಾನೆ. ರೋಮ್‌ನ ದಕ್ಷಿಣಕ್ಕಿರುವ ಲಾತೀನಾದ ತೋಟಗಳಲ್ಲಿ ಪಂಜಾಬಿನವರು ಸಾವಿರಾರು ಮಂದಿ ಇದ್ದಾರೆ. 2024ರ ಜೂನ್‌ನಲ್ಲಿ ಅಲ್ಲಿ ಸತ್ನಾಮ್ ಸಿಂಗ್ ಎಂಬ ಕೂಲಿಯ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾದಾಗ ಅವನನ್ನು ಆಸ್ಪತ್ರೆಗೆ ಒಯ್ಯದೆ ಮನೆಯ ಬಳಿ ಬಿಟ್ಟುಹೋಗಿದ್ದರು, ಅವನು ಉಳಿಯಲಿಲ್ಲ. ಅವನ ಬಳಿ ಕಾಗದಪತ್ರವಿರಲಿಲ್ಲ. ಮಾಲೀಕರ ಹೆಸರು, ತೋಟದ ವಿಳಾಸ, ವಸತಿ ಯಾರದು ಎಂಬುದು ಕೈಗೆ ಬಂದು, ಆ ಮಾಲೀಕರೊಂದಿಗೆ ನೇರವಾಗಿ ಒಮ್ಮೆಯಾದರೂ ವಿಡಿಯೊದಲ್ಲಿ ಮಾತಾಡುವವರೆಗೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ.

ಆಸ್ಟ್ರೇಲಿಯಾಕ್ಕೆ ಅಮ್ಮ ಮಾಡಿದ ಉಪ್ಪಿನಕಾಯಿ, ಹಳೆಯ ಗದ್ದೆ ಬೂಟು ಒಯ್ಯಬಹುದೇ? — ಓದುಗರೊಬ್ಬರು, ತೀರ್ಥಹಳ್ಳಿ

ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಎರಡನ್ನೂ ಬರೆದು ತೋರಿಸಿ. ತೋರಿಸಿದ್ದನ್ನು ತಪಾಸಣೆಯವರು ಒಳಗೆ ಬಿಡಬಹುದು ಅಥವಾ ಕಸದ ಬುಟ್ಟಿಗೆ ಹಾಕಬಹುದು, ಅಷ್ಟೇ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಲ್ಲೇ ದಂಡ. ಬೂಟಿನ ಅಡಿಯ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಪೆಟ್ಟಿಗೆಯ ಮೇಲ್ಭಾಗದಲ್ಲೇ ಇಡಿ. ತೆಗೆದು ತೋರಿಸಲು ಸುಲಭ.